ವೈರಸ್ ಪಾಠದ ಮೂರು ಅರೆಸತ್ಯಗಳು

ವೈರಸ್‌ಗಳ ಬಗ್ಗೆ ವಿದ್ಯಾರ್ಥಿಗಳು ಬರೆದುಕೊಂಡಿರುವ ನೋಟ್ಸನ್ನು ಒಮ್ಮೆ ತೆರೆದು ನೋಡಿ. ಸಾಮಾನ್ಯವಾಗಿ ಮೂರು ಹೇಳಿಕೆಗಳು ಒಂದಲ್ಲ ಒಂದು ರೂಪದಲ್ಲಿ ಕಾಣುತ್ತವೆ. ವೈರಸ್‌ಗಳಲ್ಲಿ ಸಸ್ಯ ವೈರಸ್, ಪ್ರಾಣಿ ವೈರಸ್, ಬ್ಯಾಕ್ಟೀರಿಯೊಫೇಜ್ ಎಂದು ಮೂರು ವಿಧ. ದೇಹವನ್ನು ಹೊಕ್ಕ ರೋಗಾಣುವೇ ಪ್ರತಿಜನಕ. ಪ್ರತಿಕಾಯಗಳಿದ್ದರೆ ರೋಗ ಬಾರದು. ಪರೀಕ್ಷೆಯಲ್ಲಿ ಇವಕ್ಕೆ ಅಂಕ ಸಿಗುತ್ತದೆ. ಆದರೆ ಮೂರೂ ಅರೆಸತ್ಯಗಳು. ಇವನ್ನು ನಂಬಿದ ವಿದ್ಯಾರ್ಥಿ ಮುಂದೆ ರಕ್ತಪರೀಕ್ಷೆಯ ವರದಿಯೊಂದನ್ನು ಕೈಗೆತ್ತಿಕೊಂಡಾಗ ತಪ್ಪಾಗಿ ಓದುವ ಸಾಧ್ಯತೆ ಇದೆ.

ಮೊದಲನೆಯದನ್ನು ನೋಡೋಣ. ಆತಿಥೇಯ ಯಾವುದು ಎಂಬುದರ ಮೇಲೆ ಮಾಡಿದ ವಿಂಗಡಣೆ ರೈತರಿಗೂ ವೈದ್ಯರಿಗೂ ಅನುಕೂಲವೇ. ಆದರೆ ಅದು ವೈರಸ್‌ಗಳ ನಂಟನ್ನು ತಿಳಿಸುವುದಿಲ್ಲ. ಹುಚ್ಚುನಾಯಿ ರೋಗದ ರೇಬಿಸ್ ವೈರಸ್ ಮತ್ತು ಭತ್ತದ ಎಲೆಗಳನ್ನು ಹಳದಿಯಾಗಿಸುವ ಒಂದು ವೈರಸ್ ಎರಡೂ ರ‍್ಯಾಬ್ಡೊವಿರಿಡೇ ಕುಟುಂಬಕ್ಕೆ ಸೇರಿವೆ. ರೋಗದ ಹೆಸರೂ ಹೀಗೆಯೇ ದಾರಿ ತಪ್ಪಿಸುತ್ತದೆ. ಹೆಪಟೈಟಿಸ್ ಎ, ಬಿ, ಇ ಮೂರೂ ಯಕೃತ್ತನ್ನೇ ಕಾಡುತ್ತವೆ. ಆದರೆ ಎ ವೈರಸ್ ಪಿಕಾರ್ನವಿರಿಡೇ, ಬಿ ವೈರಸ್ ಹೆಪಡ್ನವಿರಿಡೇ, ಇ ವೈರಸ್ ಹೆಪಿವಿರಿಡೇ ಕುಟುಂಬದವು. ಆದ್ದರಿಂದಲೇ ಬಿ ವೈರಸ್‌ಗೆ ಹಾಕಿಸಿಕೊಂಡ ಲಸಿಕೆ ಕಲುಷಿತ ನೀರಿನಿಂದ ಬರುವ ಎ ಅಥವಾ ಇ ಹೆಪಟೈಟಿಸನ್ನು ತಡೆಯಲಾರದು.

ಹಾಗಾದರೆ ವರ್ಗೀಕರಣದ ಆಧಾರವೇನು? ವೈರಸ್‌ನ ಆನುವಂಶಿಕ ವಸ್ತು ಡಿಎನ್‌ಎಯೋ ಆರ್‌ಎನ್‌ಎಯೋ, ಎಳೆ ಒಂದೋ ಎರಡೋ, ಪ್ರೊಟೀನು ಕವಚದ ರಚನೆ ಹೇಗಿದೆ, ಅದರ ಮೇಲೆ ಹೊರಪೊರೆ ಇದೆಯೇ ಎಂಬ ಪ್ರಶ್ನೆಗಳಿಂದ ಇದು ಆರಂಭವಾಗುತ್ತದೆ. 1971ರಲ್ಲಿ ಡೇವಿಡ್ ಬಾಲ್ಟಿಮೋರ್ ಇನ್ನೊಂದು ಪ್ರಶ್ನೆ ಕೇಳಿದರು: ವೈರಸ್ ತನ್ನ ಸಂದೇಶವಾಹಕ ಆರ್‌ಎನ್‌ಎಯನ್ನು ಹೇಗೆ ಪಡೆಯುತ್ತದೆ? ಈ ಪ್ರಶ್ನೆಯ ಉತ್ತರದಿಂದ ಇಂದು ಬಳಕೆಯಲ್ಲಿರುವ ಏಳು ಗುಂಪುಗಳು ಬಂದಿವೆ. ಆದರೆ ಈ ಗುಂಪುಗಳೇ ಕುಟುಂಬಗಳಲ್ಲ ಎಂಬುದನ್ನು ನೆನಪಿಡಿ. ಹೆಪಟೈಟಿಸ್ ಎ ಮತ್ತು ಇ ಎರಡೂ ಬಾಲ್ಟಿಮೋರ್‌ರ ನಾಲ್ಕನೆಯ ಗುಂಪಿನಲ್ಲಿವೆ. ಆದರೆ ಕುಟುಂಬ ಬೇರೆ. ಕುಟುಂಬಗಳನ್ನು ನಿರ್ಧರಿಸುವುದು 1966ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಮಿತಿ. ಹೆಸರಿನ ಕೊನೆಯಲ್ಲಿ 'ವಿರಿಡೇ' ಎಂದಿದ್ದರೆ ಅದು ಕುಟುಂಬವೆಂದು ತಿಳಿಯಬೇಕು.

ಎರಡನೆಯ ಅರೆಸತ್ಯಕ್ಕೆ ಬರೋಣ. ಪ್ರತಿಜನಕ, ಪ್ರತಿಕಾಯ, ಪ್ರತಿಜೈವಿಕ ಎಂಬ ಒಂದೇ ಬಗೆಯ ಪದಗಳು ವಿದ್ಯಾರ್ಥಿಗಳಲ್ಲಿ ಗೊಂದಲ ಉಂಟುಮಾಡುವುದು ಸಹಜ. ಪ್ರತಿಜೈವಿಕವು ಬ್ಯಾಕ್ಟೀರಿಯಾಗಳ ವಿರುದ್ಧ ಬಳಸುವ ಔಷಧ. ವೈರಸ್‌ನ ಮೇಲೆ ಅದು ಕೆಲಸ ಮಾಡದು. ಪ್ರತಿಜನಕವು ರೋಗನಿರೋಧಕ ವ್ಯವಸ್ಥೆ ಗುರುತು ಹಿಡಿಯುವ ಅಣು, ರೋಗಾಣುವೇ ಅಲ್ಲ. ಒಂದು ವೈರಸ್‌ನಲ್ಲಿ ಹಲವು ಪ್ರತಿಜನಕಗಳಿರುತ್ತವೆ. ಪ್ರತಿಕಾಯವು ನಮ್ಮ ದೇಹದ ಬಿ ಕೋಶಗಳ ಸಂತತಿ ತಯಾರಿಸುವ ಪ್ರೊಟೀನು. ಅದು ಪ್ರತಿಜನಕದ ಒಂದು ಚಿಕ್ಕ ಭಾಗಕ್ಕೆ ಮಾತ್ರ ಅಂಟಿಕೊಳ್ಳುತ್ತದೆ.

ಇದಕ್ಕೆ ಹೆಪಟೈಟಿಸ್ ಬಿ ಒಳ್ಳೆಯ ಉದಾಹರಣೆ. ಇಂದು ಸಾಮಾನ್ಯವಾಗಿ ಬಳಸುವ ಲಸಿಕೆಯಲ್ಲಿರುವುದು ಯೀಸ್ಟ್ ಕೋಶಗಳಲ್ಲಿ ತಯಾರಿಸಿದ, ವೈರಸ್‌ನ ಹೊರಮೈ ಪ್ರತಿಜನಕ ಮಾತ್ರ. ವೈರಸ್ ಇಲ್ಲವೇ ಇಲ್ಲ. ರಕ್ತಪರೀಕ್ಷೆಯಲ್ಲಿ ಆ ಪ್ರತಿಜನಕ ಕಂಡರೆ ಸಾಮಾನ್ಯವಾಗಿ ಸೋಂಕು ಇದೆಯೆಂದು ಅರ್ಥ. ಅದರ ವಿರುದ್ಧದ ಪ್ರತಿಕಾಯ ಕಂಡರೆ ವ್ಯಕ್ತಿ ಲಸಿಕೆ ಪಡೆದಿದ್ದಾನೆ ಅಥವಾ ಸೋಂಕಿನಿಂದ ಗುಣವಾಗಿದ್ದಾನೆ ಎಂದು ಅರ್ಥ. ಎರಡು ಪದಗಳನ್ನು ಅದಲುಬದಲು ಮಾಡಿದರೆ ಆರೋಗ್ಯವಂತ ರೋಗಿಯಾಗುತ್ತಾನೆ, ರೋಗಿ ಆರೋಗ್ಯವಂತನಾಗುತ್ತಾನೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನರೂ ಜ್ವರಕ್ಕೆ ತುತ್ತಾದರು. ಪೀತಜ್ವರ ಭಾರತಕ್ಕೆ ಬಂದಿತೇ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸನ್ನು ಬೇರ್ಪಡಿಸಿ, ಪರಿಚಿತ ವೈರಸ್‌ಗಳ ಪ್ರತಿಕಾಯಗಳೊಂದಿಗೆ ಅದು ಹೇಗೆ ವರ್ತಿಸುತ್ತದೆಂದು ಪರೀಕ್ಷಿಸಿದರು. ಅದು ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್‌ನ ಹತ್ತಿರದ ಬಂಧುವೆಂದು ತಿಳಿಯಿತು. ಆನುವಂಶಿಕ ವಸ್ತುವಿನ ಅಕ್ಷರಗಳನ್ನು ಓದುವ ವಿಧಾನ ಆಗ ಇರಲಿಲ್ಲ. ವೈರಸ್‌ನ ಕುಲವನ್ನು ಹೇಳಿದ್ದು ಪ್ರತಿಕಾಯಗಳು. ಅಂದರೆ ನಾವು ಎರಡು ಪಾಠಗಳಾಗಿ ಒಡೆದಿರುವ ವಿಷಯ ಪ್ರಯೋಗಾಲಯದಲ್ಲಿ ಒಂದೇ ಆಗಿತ್ತು.

ಈ ಬಂಧುತ್ವವೇ ತೊಡಕನ್ನೂ ತರುತ್ತದೆ. ಮಂಗನ ಕಾಯಿಲೆ, ಡೆಂಗ್ಯೂ, ಜಪಾನೀಸ್ ಎನ್ಸೆಫಲೈಟಿಸ್ ವೈರಸ್‌ಗಳೆಲ್ಲ ಫ್ಲೇವಿವಿರಿಡೇ ಕುಟುಂಬದವು. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಪ್ರತಿಕ್ರಿಯಿಸಬಹುದು. ಆದರೆ ಡೆಂಗ್ಯೂವಿನಂತೆ ಈಡಿಸ್ ಸೊಳ್ಳೆಯಿಂದಲೇ ಹರಡುವ ಚಿಕುನ್‌ಗುನ್ಯಾ ಟೋಗವಿರಿಡೇ ಕುಟುಂಬದ್ದು. ಅಲ್ಲಿ ಈ ಗೊಂದಲ ಬಹಳ ಕಡಿಮೆ. ಇನ್ನು ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯಿಂದ ಬಂದ ಪ್ರತಿಕಾಯ ಮತ್ತೊಂದು ಬಗೆಯ ವೈರಸ್‌ಗೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸದೆ, ಕೋಶಗಳೊಳಗೆ ಹೋಗಲು ನೆರವಾಗಬಹುದು. ಎರಡನೆಯ ಬಾರಿಯ ಡೆಂಗ್ಯೂ ಕೆಲವರಲ್ಲಿ ತೀವ್ರವಾಗಲು ಇದೊಂದು ಮುಖ್ಯ ಕಾರಣ. ಅಂಟಿಕೊಳ್ಳುವುದೇ ಬೇರೆ, ರಕ್ಷಿಸುವುದೇ ಬೇರೆ.

ಶಿಕ್ಷಕರಿಗೆ ಸಮಯದ ಅಭಾವವಿದೆ, ಪಠ್ಯಕ್ಕೆ ಪುಟಗಳ ಮಿತಿಯಿದೆ. ಇದನ್ನು ಒಪ್ಪೋಣ. ಆದರೂ ಕುಟುಂಬಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಒಂದು ತರಗತಿಯನ್ನು ಹೀಗೆ ಬಳಸಿ ನೋಡಿ. ಡೆಂಗ್ಯೂ, ಚಿಕುನ್‌ಗುನ್ಯಾ, ಮಂಗನ ಕಾಯಿಲೆ, ಹೆಪಟೈಟಿಸ್ ಎ ಮತ್ತು ಬಿ, ಈ ಐದು ಹೆಸರುಗಳನ್ನು ಹಲಗೆಯ ಮೇಲೆ ಬರೆಯಿರಿ. ಯಾವ ಎರಡರ ಪ್ರತಿಕಾಯಗಳು ಪರೀಕ್ಷೆಯಲ್ಲಿ ಒಂದನ್ನೊಂದು ಹೋಲಬಹುದು, ಏಕೆ ಎಂದು ಕೇಳಿ. ಉತ್ತರ ಹೇಳಬೇಕಾದರೆ ವಿದ್ಯಾರ್ಥಿಗೆ ವರ್ಗೀಕರಣವೂ ಗೊತ್ತಿರಬೇಕು, ಪ್ರತಿಜನಕವೆಂದರೇನೆಂಬುದೂ ಗೊತ್ತಿರಬೇಕು. ಆಗ ಕುಟುಂಬದ ಹೆಸರು ಬರಿಯ ಹೆಸರಾಗಿ ಉಳಿಯದೆ, ಕೈಯಲ್ಲಿರುವ ವರದಿಯನ್ನು ಓದುವ ಸಾಧನವಾಗುತ್ತದೆ.