ಭಕ್ತಿಯನ್ನು ಕಂಡ ಇಬ್ಬರು ಚಿತ್ರಕಾರರು

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ಅನೇಕ ಚಿತ್ರಕಾರರು ಸಂತರನ್ನು ಬಿಟ್ಟು, ಸಂತರ ಮುಂದೆ ಮಂಡಿಯೂರಿದ ಜನರನ್ನು ಬರೆಯತೊಡಗಿದರು. ಹಬ್ಬದ ಮೆರವಣಿಗೆ, ಮನೆಯಲ್ಲೇ ನಡೆಯುವ ಬಲಿಪೂಜೆ, ಸಾಯುವವರಿಗೆ ಕೊಡುವ ಕೊನೆಯ ಪರಮಪ್ರಸಾದ ಇವೆಲ್ಲ ಚಿತ್ರದ ವಸ್ತುಗಳಾದವು. ಕಾಲವೂ ಹಾಗಿತ್ತು. 1866ರ ಕಾನೂನು ಮಠಗಳ ಆಸ್ತಿಯನ್ನು ಸರ್ಕಾರದ ವಶಕ್ಕೆ ಕೊಟ್ಟಿತು. 1870ರಲ್ಲಿ ಇಟಲಿಯ ಸೇನೆ ರೋಮ್ ಹೊಕ್ಕ ಮೇಲೆ ಪೋಪ್ ವ್ಯಾಟಿಕನ್ ಬಿಟ್ಟು ಹೊರಬರಲಿಲ್ಲ. ಧರ್ಮಕ್ಕೂ ರಾಷ್ಟ್ರಕ್ಕೂ ಜಗಳ ಬಿದ್ದಿದ್ದಾಗ ಸಾಮಾನ್ಯರ ಭಕ್ತಿಯನ್ನು ಹೇಗೆ ನೋಡಬೇಕೆಂಬುದು ಚಿತ್ರಕಾರನಿಗೆ ನಿಜವಾದ ಪ್ರಶ್ನೆಯಾಗಿತ್ತು.

ಬಹುಪಾಲು ಜನ ಆ ಪ್ರಶ್ನೆಯನ್ನು ಎದುರಿಸಲೇ ಇಲ್ಲ. ಅವರ ಕಣ್ಣು ಮಾರುಕಟ್ಟೆಯ ಮೇಲಿತ್ತು. ಆಂದ್ರೆಯಾ ಲಾಂದಿನಿಯ ಕೆಂಪು ನಿಲುವಂಗಿಯ ಕಾರ್ಡಿನಲ್‌ಗಳು ಊಟದ ಮೇಜಿನ ಮುಂದೆ ನಗುತ್ತಾ ಕೂತಿರುತ್ತಾರೆ. ರೇಷ್ಮೆಯ ಹೊಳಪಿನಲ್ಲಿ ಕೈಚಳಕವಿದೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಈ ಪರಂಪರೆಯ ತೂಕ ಗೊತ್ತಾಗಬೇಕಾದರೆ ದಕ್ಷಿಣದ ಇಬ್ಬರ ಹತ್ತಿರ ಹೋಗಬೇಕು: ಅಬ್ರುತ್ಸೊ ಪ್ರಾಂತ್ಯದ ಫ್ರಾಂಚೆಸ್ಕೊ ಪಾವ್ಲೊ ಮಿಕೆತ್ತಿ ಮತ್ತು ಗಲತೀನಾದ ಜೊವಾಕ್ಕಿನೊ ತೋಮಾ.

ಮಿಕೆತ್ತಿ ಹೆಸರು ಮಾಡಿದ್ದು 1877ರಲ್ಲಿ ನೇಪಲ್ಸ್‌ನಲ್ಲಿ ಪ್ರದರ್ಶಿಸಿದ ಕಿಯೇತಿ ಊರಿನ ಪರಮಪ್ರಸಾದದ ಹಬ್ಬದ ಮೆರವಣಿಗೆಯಿಂದ. ಆಗ ಅವನಿಗೆ ಇಪ್ಪತ್ತೈದು. ಸ್ಪೇನಿನ ಚಿತ್ರಕಾರ ಫೋರ್ತೂನಿಯಿಂದ ಕಲಿತ ಬಣ್ಣದ ಕುಣಿತ ಆ ಚಿತ್ರದ ತುಂಬ ಇದೆ. ಆರು ವರ್ಷಗಳ ನಂತರದ ‘ಹರಕೆ’ಯಲ್ಲಿ ಈ ಉಲ್ಲಾಸ ಅಡಗಿಹೋಗಿದೆ. ಸುಮಾರು ಏಳು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಚಿತ್ರ ಅದು. ಮಿಲ್ಯಾನಿಕೊ ಎಂಬ ಹಳ್ಳಿಯಲ್ಲಿ ಸಂತ ಪಂತಲಿಯೋನನ ಹಬ್ಬ. ಹರಕೆ ಹೊತ್ತವರು ಇಗರ್ಜಿಯ ನೆಲಕ್ಕೆ ನಾಲಿಗೆ ಊರಿ ತೆವಳುತ್ತಾ, ನೆಲದ ಮೇಲಿಟ್ಟ ಸಂತನ ಬೆಳ್ಳಿಯ ಮುಖದತ್ತ ಸಾಗುತ್ತಿದ್ದಾರೆ. 1883ರಲ್ಲಿ ರೋಮ್‌ನ ಪ್ರದರ್ಶನದಲ್ಲಿ ಇದನ್ನು ಕಂಡವರು ಬೆಚ್ಚಿದರು, ಸರ್ಕಾರ ಕೊಂಡುಕೊಂಡಿತು.

ಚಿತ್ರದ ಶಕ್ತಿಯನ್ನು ಅಲ್ಲಗಳೆಯಲಾಗದು. ಆದರೆ ಆ ಗಾತ್ರವೇ ನಮ್ಮನ್ನು ಜಾತ್ರೆ ನೋಡಲು ಬಂದವರ ಸಾಲಿಗೆ ನಿಲ್ಲಿಸುತ್ತದೆ. ತೆವಳುವವನು ಯಾವ ರೋಗಕ್ಕೆ, ಯಾವ ಸಾಲಕ್ಕೆ, ಯಾರ ಪ್ರಾಣಕ್ಕಾಗಿ ಹರಕೆ ಹೊತ್ತ ಎಂಬುದರ ಸುಳಿವೂ ಸಿಗುವುದಿಲ್ಲ. ನಿನ್ನೆ ನಾಳೆಗಳಿಲ್ಲದ ದೇಹಗಳು ಅವು.

ತೋಮಾನ ಚಿತ್ರಗಳಲ್ಲಿ ಆ ನಿನ್ನೆ ನಾಳೆಗಳಿವೆ. ಅವನೂ ಅದೇ 1877ರಲ್ಲಿ ‘ಅನಾಥೆಗೆ ಕೊನೆಯ ಪರಮಪ್ರಸಾದ’ವನ್ನೂ ‘ಪರಿತ್ಯಕ್ತ ಶಿಶುಗಳ ಚಕ್ರದ ಕಾವಲು’ ಎಂಬ ಚಿತ್ರವನ್ನೂ ಬರೆದ. ಚಕ್ರವೆಂದರೆ ಅನಾಥಾಲಯದ ಗೋಡೆಯಲ್ಲಿ ಕೂರಿಸಿದ, ತಿರುಗುವ ಮರದ ಉರುಳೆ. ಬೀದಿಯಲ್ಲಿ ನಿಂತ ತಾಯಿ ಮಗುವನ್ನು ಅದರೊಳಗಿಟ್ಟು ತಿರುಗಿಸಿದರೆ ಮಗು ಒಳಗೆ, ತಾಯಿ ಹೊರಗೆ; ಇಬ್ಬರ ಮುಖವೂ ಯಾರಿಗೂ ಕಾಣದು. ನೇಪಲ್ಸ್‌ನ ಅನ್ನುಂತ್ಸಿಯಾತಾ ಅನಾಥಾಲಯದ ಚಕ್ರವನ್ನು ಮುಚ್ಚಿದ್ದು 1875ರಲ್ಲಿ. ಎರಡೇ ವರ್ಷ ಕಳೆದಿತ್ತು, ಊರಿಗೆ ಮರೆಯುವ ಆತುರವಿತ್ತು. ತೋಮಾ ಅದನ್ನೇ ಎತ್ತಿಕೊಂಡ. ಗೋಳಾಡುವ ತಾಯಿಯನ್ನು ಅವನು ಬರೆಯಲಿಲ್ಲ. ಒಳಗೆ ಕಾವಲು ಕೂತ ಹೆಂಗಸರನ್ನು ಬರೆದ. ಕರುಣೆ ಇಲ್ಲಿ ಪಾಳಿಯ ಕೆಲಸ. ನನಗೆ ಈ ಇಡೀ ಪರಂಪರೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಧಾರ್ಮಿಕ ಚಿತ್ರ ಕಂಡಿಲ್ಲ.

ಅವನ ಬೂದುಬಣ್ಣವನ್ನು ವಿಮರ್ಶಕರು ಮಂಕು ಎಂದದ್ದುಂಟು. ಸುಣ್ಣ ಬಳಿದ ಗೋಡೆ, ಬಿಳಿ ಹೊದಿಕೆ, ಕನ್ಯಾಸ್ತ್ರೀಯರ ಉಡುಪು ಇವುಗಳ ನಡುವೆ ಬೂದಿನ ಎಷ್ಟೊಂದು ಛಾಯೆಗಳನ್ನು ಅವನು ಬೇರ್ಪಡಿಸಿದ್ದಾನೆ ಎಂಬುದನ್ನು ನಿಧಾನವಾಗಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಬಾಲ್ಯದಲ್ಲೇ ತಂದೆತಾಯಿ ತೀರಿಕೊಂಡು ಮಠದಲ್ಲಿ, ಆಮೇಲೆ ಜೊವಿನಾತ್ಸೊದ ಬಡವರ ಆಶ್ರಮದಲ್ಲಿ ಬೆಳೆದವನು ಅವನು. ಚಿತ್ರ ಕಲಿತದ್ದೂ ಅಲ್ಲೇ. ಅಂಥ ಕೋಣೆಗಳ ಬೆಳಕು ಅವನಿಗೆ ಗೊತ್ತಿತ್ತು.

ತೋಮಾನದೂ ಭಾವುಕತೆಯೇ ಎಂಬ ಆಕ್ಷೇಪವಿದೆ. ‘ಅನಾಥೆ’ ಎಂಬ ಶೀರ್ಷಿಕೆಯೇ ಕಣ್ಣೀರು ಕೇಳುತ್ತದೆ, ನಿಜ. ಆದರೆ ಅವನು ಸಂಸ್ಥೆಯನ್ನು ಶಪಿಸುವುದೂ ಇಲ್ಲ, ಹೊಗಳುವುದೂ ಇಲ್ಲ. ಯುವಕನಾಗಿ ಇಟಲಿಯ ಏಕೀಕರಣಕ್ಕಾಗಿ ಗರಿಬಾಲ್ಡಿಯ ಜೊತೆ ಹೋರಾಡಿದವನು, ಧರ್ಮವಿಚಾರಣೆಯ ಕ್ರೌರ್ಯವನ್ನು ಚಿತ್ರಿಸಿದವನು, ಬಯಸಿದ್ದರೆ ಮಠದ ಮೇಲೆ ಇನ್ನೊಂದು ದೋಷಾರೋಪ ಬರೆಯಬಹುದಿತ್ತು. ತನ್ನನ್ನು ಸಾಕಿದ, ಜೊತೆಗೇ ನೋಯಿಸಿದ ಮನೆಯನ್ನು ಅವನು ಇದ್ದಂತೆ ತೋರಿಸಿದ. ಮಿಕೆತ್ತಿಯ ‘ಹರಕೆ’ಗೆ ಇಂದಿಗೂ ಸಿಗುವ ವಿಶಾಲ ಗೋಡೆಯ ಪಕ್ಕದಲ್ಲಿ ತೋಮಾನ ಈ ಚಿತ್ರಗಳನ್ನೂ ತೂಗುಹಾಕಿ ನೋಡಬೇಕೆಂದು ನಾನು ವಾದಿಸುವುದು ಇದೇ ಕಾರಣಕ್ಕೆ.