ಕೈಯಗಲದ ಕಾರ್ಡು, ಆಳೆತ್ತರದ ಚಿತ್ರ

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರು. ಅವರ ನಡುಮನೆಯ ಗೋಡೆಯ ಮೇಲೆ ಹುಲಿಯೇರಿ ಕುಳಿತ ಮಾದಪ್ಪನ ಕ್ಯಾಲೆಂಡರು. ಅದರ ಪಕ್ಕದಲ್ಲಿ ಒಂದು ಮೊಳೆ, ಮೊಳೆಗೆ ಸಿಕ್ಕಿಸಿದ ಒಂದು ಚಿತ್ರದ ಕಾರ್ಡು. ಕಾರ್ಡಿನಲ್ಲಿ ದೇವರಿಲ್ಲ, ಮನುಷ್ಯರಿಲ್ಲ, ಮರ ಗಿಡಗಳಿಲ್ಲ. ಮಂಜಿನೊಳಗೆ ಹೊತ್ತು ಮುಳುಗಿದಂಥ ಹಳದಿ. ಅದರ ಮೇಲೆ ಒರೆಸಿ ಹೋದ ಅಕ್ಷರಗಳಂಥ ನಾಲ್ಕಾರು ಗುರುತು. ವಾಸುದೇವ ಗಾಯತೊಂಡೆಯವರ ವರ್ಣಚಿತ್ರವೊಂದರ ಅಚ್ಚು ಅದು. ಕಳಿಸಿದವನು ನಾನೇ. ಪ್ರದರ್ಶನ ನೋಡಿ ಹೊರಬರುವಾಗ ಇಂಥ ಕಾರ್ಡುಗಳನ್ನು ಕೊಳ್ಳುವುದು, ಹಿಂಬದಿಯಲ್ಲಿ ನಾಲ್ಕು ಸಾಲು ಗೀಚಿ ಲೊಕ್ಕನಹಳ್ಳಿಗೆ ಅಂಚೆಗೆ ಹಾಕುವುದು ನನ್ನ ಬಹುಕಾಲದ ಚಟ. ಚಿತ್ರಶಾಲೆಯನ್ನೇ ಕಂತುಕಂತಾಗಿ ಆ ಊರಿಗೆ ಸಾಗಿಸುತ್ತಿದ್ದೇನೆಂಬ ಜಂಬವೂ ಇತ್ತೆಂದು ಒಪ್ಪಿಕೊಳ್ಳಬೇಕು.

ಹೋದ ವರ್ಷ ಮೇಷ್ಟರು ಬೆಂಗಳೂರಿಗೆ ಬಂದರು. ಪ್ರದರ್ಶನವೊಂದರಲ್ಲಿ ಅದೇ ಚಿತ್ರದ ಮೂಲದ ಮುಂದೆ ಅವರನ್ನು ನಿಲ್ಲಿಸಿ ಮೆಚ್ಚುಗೆಯ ಮಾತಿಗಾಗಿ ಕಾದೆ. ಅವರು ಬಹಳ ಹೊತ್ತು ಬಾಯಿ ಬಿಡಲಿಲ್ಲ. ಮುಂದೆ ಹೋದರು, ಹಿಂದೆ ಬಂದರು, ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರು. ಕಡೆಗೆ, "ಏನು ಸ್ವಾಮಿ, ಇಷ್ಟು ವರ್ಷ ನೀವು ನನಗೆ ಕಳಿಸಿದ್ದೇನು?" ಎಂದರು. ತಮಾಷೆಗೆ ಕೇಳಿದಂತೆ ಕಾಣಲಿಲ್ಲ.

ಪ್ರಶ್ನೆ ನ್ಯಾಯವಾದದ್ದೇ. ಚಿತ್ರದ ಕಾರ್ಡು ನಮಗೆ ಹೊಸದೇನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹೂಡಿದ ಮೇಲೆ ಲಕ್ಷ್ಮಿ ಸರಸ್ವತಿಯರು ಮನೆಮನೆಯ ಗೋಡೆಗೂ ಬಂದರು. ಬೆಂಕಿಪೊಟ್ಟಣದ ಮೇಲೆ ಬಂದರೂ ಲಕ್ಷ್ಮಿ ಲಕ್ಷ್ಮಿಯೇ. ಕಥೆಯುಳ್ಳ ಚಿತ್ರ ಎಷ್ಟು ಕುಗ್ಗಿದರೂ ಕಥೆ ಉಳಿಯುತ್ತದೆ. ನಮ್ಮ ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳೂ ಕಾರ್ಡಿಗೆ ಹೆದರಬೇಕಾಗಿಲ್ಲ. ಮೂಲದಲ್ಲಿಯೇ ಹತ್ತಿರ ಬಾಗಿ ನೋಡಬೇಕಾದ ಚಿತ್ರಗಳವು.

ಮಿನಿಮಲಿಸ್ಟ್ ಎಂದು ಕರೆಯುವ ಅಮೂರ್ತ ಚಿತ್ರಗಳ ಪಾಡು ಬೇರೆ. ಅಲ್ಲಿ ಕಲಾವಿದ ಕಥೆಯನ್ನೂ ಆಕೃತಿಯನ್ನೂ ತಾನೇ ಕೈಯಾರೆ ತೆಗೆದು ಹಾಕಿದ್ದಾನೆ. ಉಳಿಸಿಕೊಂಡದ್ದು ಅಳತೆ, ಮೈ ಮತ್ತು ಬೆಳಕು, ಈ ಮೂರೇ. ಕಾರ್ಡು ಕಳೆದುಕೊಳ್ಳುವುದೂ ಸರಿಯಾಗಿ ಈ ಮೂರನ್ನೇ. (ಗಾಯತೊಂಡೆಯವರಿಗೆ ಅಮೂರ್ತ ಎಂಬ ಹೆಸರೂ ಹಿಡಿಸುತ್ತಿರಲಿಲ್ಲ, ವಸ್ತುರಹಿತ ಎನ್ನುತ್ತಿದ್ದರು. ಹಣೆಪಟ್ಟಿಯ ಜಗಳ ಈಗ ಬೇಡ.) ನಾವು ನೋಡಿದ ಕ್ಯಾನ್ವಾಸು ಐದಡಿ ಎತ್ತರ, ಮೂರಡಿ ನಾಲ್ಕಂಗುಲ ಅಗಲ. ಕಾರ್ಡು 14 ಸೆಂಟಿಮೀಟರಿಗೆ 9. ಇಂಥ ನೂರಿಪ್ಪತ್ತಕ್ಕೂ ಹೆಚ್ಚು ಕಾರ್ಡುಗಳನ್ನು ಜೋಡಿಸಿದರೆ ಮೂಲದ ಮೈ ಮುಚ್ಚೀತು. ಅವರು ಬಣ್ಣವನ್ನು ಕುಂಚಕ್ಕಿಂತ ಹೆಚ್ಚಾಗಿ ರೋಲರಿನಿಂದಲೂ ಅಲಗಿನಿಂದಲೂ ಹಚ್ಚಿ, ಕೆರೆದು, ಹಸಿಬಣ್ಣದ ಮೇಲೆ ಹರಿದ ಕಾಗದ ಒತ್ತಿ ತೆಗೆದು, ಪದರದ ಮೇಲೆ ಪದರ ಏರಿಸಿದವರು. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳನ್ನಷ್ಟೇ ಮುಗಿಸುತ್ತಿದ್ದರು. ಆ ಪದರಗಳ ಒಳಗಿನಿಂದ ಬರುವ ಬೆಳಕು ಅಚ್ಚಿನಲ್ಲಿ ಒಂದೇ ಸಪಾಟು ಹಳದಿಯಾಗುತ್ತದೆ. ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಬೆರಳಗಲದ ನಮೂನೆಯ ತುಂಡು ನೋಡಿ ಕೊಳ್ಳುವವರುಂಟೆ? ಸೆರಗು ಬೀಸಬೇಕು, ಬಿಸಿಲಿಗೆ ಹಿಡಿಯಬೇಕು.

ನಸ್ರೀನ್ ಮೊಹಮದಿಯವರ (1937–1990) ರೇಖಾಚಿತ್ರಗಳ ವಿಷಯ ಇನ್ನೂ ಬಿಗಿಯಾದದ್ದು. ಕಾಗದದ ಮೇಲೆ ಮಸಿ, ಪೆನ್ಸಿಲು, ಕೂದಲೆಳೆಯಂಥ ಗೆರೆಗಳು, ಅವು ಒತ್ತಾಗುವುದರಲ್ಲಿ, ತೆಳುವಾಗುವುದರಲ್ಲಿಯೇ ಎಲ್ಲವೂ ಇದೆ. ಗಾತ್ರದಲ್ಲಿ ದೊಡ್ಡವಲ್ಲವಾದ್ದರಿಂದ ಇವು ಕಾರ್ಡಿಗೆ ಒಗ್ಗಬಹುದೆಂದು ನಾನು ಎಣಿಸಿದ್ದೆ. ಭೂತಗನ್ನಡಿ ಹಿಡಿದು ನೋಡಿದಾಗ ತಿಳಿಯಿತು: ಅಚ್ಚುಯಂತ್ರಕ್ಕೆ ಬೂದುಬಣ್ಣವೆಂಬುದೇ ಗೊತ್ತಿಲ್ಲ, ಅದು ಚುಕ್ಕಿಗಳನ್ನು ಇಡುತ್ತದೆ. ಆಕೆ ಉಸಿರು ಹಿಡಿದು ಎಳೆದ ಒಂದು ಗೆರೆ ಅಲ್ಲಿ ಚುಕ್ಕಿಗಳ ಸಾಲಾಗಿ ಮುರಿದುಬಿದ್ದಿತ್ತು. ಅಮೆರಿಕದ ಆಡ್ ರೈನ್‌ಹಾರ್ಟ್ 1960ರಿಂದ ಬಿಡಿಸುತ್ತ ಬಂದ ಐದಡಿ ಚೌಕದ ಕಪ್ಪುಚಿತ್ರಗಳಂತೂ ಅಚ್ಚನ್ನು ಅಣಕಿಸುವಂತಿವೆ. ಒಂಬತ್ತು ಮನೆಗಳು, ಒಂದರ ಕಪ್ಪಿಗೂ ಇನ್ನೊಂದರ ಕಪ್ಪಿಗೂ ಕಂಡೂ ಕಾಣದ ಭೇದ; ಕಾರ್ಡಿನಲ್ಲಿ ಬರೀ ಮಸಿ. ಮಲೇವಿಚ್‌ನ 1915ರ ಕರಿಚೌಕವನ್ನು ಪುಸ್ತಕದಲ್ಲಿ ನೋಡಿದವರು ಅದು ನುಣುಪೆಂದೇ ತಿಳಿದಿರುತ್ತಾರೆ. ಮೂಲದ ಮೈಯೆಲ್ಲ ಬಿರುಕು. ಅದರಡಿ ಮತ್ತೆರಡು ಚಿತ್ರಗಳಿವೆಯೆಂದು 2015ರಲ್ಲಿ ಮಾಸ್ಕೋದ ವಸ್ತುಸಂಗ್ರಹಾಲಯದವರು ತಿಳಿಸಿದರು.

ಹಾಗಾದರೆ ಕಾರ್ಡುಗಳನ್ನು ಬಿಸುಡಬೇಕೆ? ಬಿಸುಡೆನ್ನುವ ಪಂಡಿತರು ಸಾಮಾನ್ಯವಾಗಿ ಚಿತ್ರಶಾಲೆಗೆ ನಡೆದೇ ಹೋಗಬಲ್ಲಷ್ಟು ಹತ್ತಿರದಲ್ಲಿ ವಾಸಿಸುವವರು. ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 2009ರಲ್ಲಿ ತೆರೆದದ್ದು ಬೆಂಗಳೂರಿನವರ ಭಾಗ್ಯ. ಲೊಕ್ಕನಹಳ್ಳಿಯವರಿಗೆ ಅದು ಒಂದು ದಿನದ ರಜೆ, ಬಸ್ಸಿನ ಖರ್ಚು. ನನ್ನ ಆಕ್ಷೇಪ ಕಾರ್ಡಿನ ಮೇಲಲ್ಲ, ಅದು ತೊಡುವ ವೇಷದ ಮೇಲೆ. ಅಂಚಿನ ತನಕ ಬಣ್ಣ ತುಂಬಿಸಬೇಕೆಂಬ ಆಸೆಯಿಂದ ಚಿತ್ರದ ನಾಲ್ಕು ಕಡೆಯೂ ಒಂದಿಷ್ಟು ಕತ್ತರಿಸುತ್ತಾರೆ. ಅಂಚೇ ಅರ್ಧ ಅರ್ಥವಾದ ಇಂಥ ಚಿತ್ರದಲ್ಲಿ ಅದು ಪದ್ಯದ ಕೊನೆಯ ಸಾಲನ್ನು ಹರಿದಂತೆ. ಹಿಂಬದಿಯಲ್ಲಿ ಕಲಾವಿದನ ಹೆಸರು, 'ಶೀರ್ಷಿಕೆಯಿಲ್ಲ' ಎಂಬ ಶೀರ್ಷಿಕೆ, ಮಾರುವವರ ಹೆಸರು ಇಷ್ಟಿದ್ದರೆ ಮುಗಿಯಿತು. ಅಳತೆ ಇರುವುದು ಅಪರೂಪ. ಸುತ್ತ ಬಿಳಿ ಅಂಚು ಬಿಟ್ಟು ಅಚ್ಚು ಮಾಡಲಿ, ಅಳತೆ ಹಾಕಲಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರ್ಡುಗಳನ್ನು ಜೋಡಿಯಾಗಿ ತರಲಿ: ಒಂದರಲ್ಲಿ ಪೂರ್ತಿ ಚಿತ್ರ, ಇನ್ನೊಂದರಲ್ಲಿ ಅದರದೇ ಕೈಯಗಲದ ಒಂದು ಭಾಗ, ಮೂಲದಷ್ಟೇ ಗಾತ್ರದಲ್ಲಿ. ಕೆರೆತವೂ ಪದರವೂ ಸ್ವಲ್ಪವಾದರೂ ಕಂಡಾವು.

ಮೇಷ್ಟರು ಊರಿಗೆ ಹೋದ ಮೇಲೆ ಕಾರ್ಡನ್ನು ಗೋಡೆಯಿಂದ ಕಿತ್ತಿರಬಹುದೆಂದು ನನಗೆ ಅಳುಕಿತ್ತು. ತಿಂಗಳ ಮೇಲೆ ಕಾಗದ ಬಂತು. ಕಿತ್ತದ್ದು ನಿಜ. ಆದರೆ ಅದನ್ನು ಶಾಲೆಗೆ ಒಯ್ದಿದ್ದಾರೆ. ತರಗತಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಐದಡಿಗೆ ಮೂರಡಿ ನಾಲ್ಕಂಗುಲದ ಚೌಕಟ್ಟು ಎಳೆದು, ಅದರ ನಡುವೆ ಕಾರ್ಡನ್ನು ಅಂಟಿಸಿದ್ದಾರೆ. ಮಕ್ಕಳು, "ಮಿಕ್ಕಿದ್ದೆಲ್ಲಿ ಸಾ?" ಎಂದು ಕೇಳಿದರಂತೆ. ಮನೆಯ ಮೊಳೆ ಖಾಲಿಯಾಗಿ ಬೇಸರವಾಗುತ್ತದೆಂದೂ, ಅದೇ ಹಳದಿಯ ಇನ್ನೊಂದು ಪ್ರತಿ ಸಿಕ್ಕಿದರೆ ಕಳಿಸಬೇಕೆಂದೂ ಬರೆದಿದ್ದಾರೆ. ಮೂಲ ನೋಡಿದ ಮೇಲೂ ಆ ಚಿಕ್ಕದರ ಮೇಲಿನ ಮೋಹ ಹೋಗಿಲ್ಲವಂತೆ. ಜೊತೆಗೆ ನಸ್ರೀನರ ಗೆರೆಗಳ ಕಾರ್ಡಿಗೂ ಚೌಕಟ್ಟು ಎಳೆಯಬೇಕಂತೆ, ಅಳತೆ ತಿಳಿಸಿ ಎಂದಿದ್ದಾರೆ. ನನ್ನ ಬಳಿಯ ಪ್ರತಿಯನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಅಳತೆಯಿಲ್ಲ.