ಗೆಲುವಿನಾಚೆಗಿನ ಕಥೆ

ಯೂರೋಪಿಯನ್ ಒಕ್ಕೂಟವನ್ನು ಬಿಡಬೇಕೆಂದು 2016ರಲ್ಲಿ ಬ್ರಿಟನ್ ಮತ ಹಾಕಿದ ಬಗೆಯನ್ನು ಹೇಳುವ ಚಿತ್ರ ‘ಬ್ರೆಕ್ಸಿಟ್: ದಿ ಅನ್‌ಸಿವಿಲ್ ವಾರ್’ (2019). ಪ್ರಚಾರದ ಸೂತ್ರಧಾರ ಡೊಮಿನಿಕ್ ಕಮಿಂಗ್ಸ್ ಆಗಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರ ಅಭಿನಯ ಸೊಗಸಾಗಿದೆ. ವಾರಕ್ಕೆ 35 ಕೋಟಿ ಪೌಂಡು ಒಕ್ಕೂಟಕ್ಕೆ ಹೋಗುತ್ತಿದೆಯೆಂದು, ರಿಯಾಯಿತಿಯ ಹಣವನ್ನು ಕಳೆಯದೆಯೇ, ಬಸ್ಸಿನ ಮೇಲೆ ಬರೆಸಿದ ಲೆಕ್ಕದ ಚಮತ್ಕಾರವೂ ಇಲ್ಲಿದೆ.

ಅಭಿಪ್ರಾಯ ಕೇಳಲು ಕರೆಸಿದ ಹೆಂಗಸೊಬ್ಬಳು, ತನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲವೆಂದು ಸಿಡಿದೇಳುವ ದೃಶ್ಯವೇ ಚಿತ್ರದ ಜೀವ. ಆದರೆ ಕಥೆ ಮತ್ತೆ ಸೂತ್ರಧಾರನ ಜಾಣ್ಮೆಗೇ ಮರಳುತ್ತದೆ. ಇದೇ ಅದರ ಕೊರತೆ.

ಚಿತ್ರ ಬಂದಾಗ ಬ್ರಿಟನ್ ಇನ್ನೂ ಹೊರಬಿದ್ದಿರಲಿಲ್ಲ, ನಿಜ. ಹೊಸ ನಿಯಮಗಳು ಜಾರಿಗೆ ಬಂದದ್ದು 2021ರ ಜನವರಿ 1ರಿಂದ. ಆ ತಿಂಗಳೇ ಹಾಲೆಂಡಿನ ಬಂದರಿನಲ್ಲಿ, ಬ್ರಿಟನ್ನಿನಿಂದ ಬಂದ ಚಾಲಕರ ಬುತ್ತಿಯ ಸ್ಯಾಂಡ್‌ವಿಚ್ಚನ್ನೂ ಮಾಂಸವಿದೆಯೆಂದು ಕಿತ್ತುಕೊಂಡರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ನಡೆದೀತೇ? ಚೀಸ್ ರಫ್ತು ಮಾಡುವವನಿಗೆ ಆರೋಗ್ಯ ಸರ್ಟಿಫಿಕೇಟು. ಫ್ರಾನ್ಸಿನಲ್ಲಿ ರಜೆಯ ಮನೆಯಿದ್ದವನಿಗೂ ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ವಾಸ.

ನಮೂನೆಗಳ ನಡುವೆಯೇ ಬದುಕು ಸವೆಸುವ ನಮ್ಮಂಥ ಗುಮಾಸ್ತರಿಗೆ ಗೊತ್ತು: ಘೋಷಣೆ ಕೂಗುವವನು ಒಬ್ಬ, ಅರ್ಜಿ ತುಂಬುವವನು ಇನ್ನೊಬ್ಬ. ಆ ಹೆಂಗಸಿಗೆ ಈ ಲೆಕ್ಕವನ್ನು ಯಾರೂ ಹೇಳಲಿಲ್ಲ, ಚಿತ್ರವೂ ಕೇಳಲಿಲ್ಲ. ಆದರೂ ಒಮ್ಮೆ ನೋಡಬೇಕಾದ ಚಿತ್ರ.